ಬಾಣಂತಿ ತಂದ ಸ್ಪ್ಯಾನಿಷ್ ಮಾತು

ಕೇಳ್ರವ್ವ, ಯುದ್ಧದಿಂದ ಸೀಮೆಣ್ಣೆ ಸಿಗದೆ ಹಸಿ ಸೌದೆ ಊದಿ ಊದಿ ಇವತ್ತು ನನ್ನ ಕಣ್ಣು ಉರೀತಿತ್ತು. ಹೊಟ್ಟೆ ಉರಿಸಿದ್ದು ಮಾತ್ರ ನನ್ನ ವಾರಗಿತ್ತಿ ಸುಬ್ಬಿ. ಹಾಸನದ ಆಸ್ಪತ್ರೆಯಲ್ಲಿ ಹೆರಿಗೆ ಮುಗಿಸಿ ಹೊಳೆನರಸೀಪುರಕ್ಕೆ ಬಂದು ಎಂಟು ದಿನ. ಅಲ್ಲಿನ ಸ್ಪೇನ್ ದೇಶದ ನರ್ಸಮ್ಮ ಅವಳಿಗೊಂದು ಮಾತು ಕಲಿಸಿದ್ದಾಳೆ, ಕೊಸೀನ ಅಂತ.

"ಅಡಿಗೆಮನೆಗೂ ಅದೇ ಅಂತಾರೆ ಕಣಕ್ಕ, ಒಲೆಗೂ ಅದೇ, ಅಡಿಗೆ ಮಾಡೋದಕ್ಕೂ ಅದೇ," ಅಂತ ಮಂಚದ ಮೇಲಿಂದಲೇ ಪಾಠ. ಮಗು ನೋಡೋಕೆ ಬಂದ ಹೆಂಗಸರೆಲ್ಲ ಅವಳ ಬಾಯಿ ನೋಡ್ತಾ ಕೂತರು.

"ನಮ್ ಸುಬ್ಬಿ ಎಷ್ಟು ಬೇಗ ಕಲ್ತ್‌ಬುಟ್ಳು ನೋಡ್ರಿ," ಅಂದರು ನಮ್ಮತ್ತೆ.

ಬಾಣಂತಿ ಅಂತ ಅವಳು ಇನ್ನೂ ಒಂದು ತಿಂಗಳು ಅಡಿಗೆಮನೆ ಹೊಸಿಲು ದಾಟೋ ಹಾಗಿಲ್ಲ. ಆ ಮೂರು ಅರ್ಥವನ್ನೂ ಹನ್ನೆರಡು ವರ್ಷದಿಂದ ಬೆನ್ನು ಬಗ್ಗಿಸಿ ಕಲಿತವಳು ನಾನು.

ಎಲ್ಲರೂ ಹೋದ ಮೇಲೆ ಅವಳಿಗೆ ಮೆಣಸಿನ ಸಾರು ಕಾಯಿಸ್ತಾ, ನಾನೂ ಒಲೆ ಮುಂದೆ ಮೆಲ್ಲಗೆ "ಕೊಸೀನ, ಕೊಸೀನ" ಅಂದು ನೋಡಿದೆ. ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ನಿಂಗ್ಯಾಕವ್ವ ಅದು? ನೀನು ಎಂಗೂ ಒಳಗೇ ಇರ್ತೀಯಲ್ಲ."

ಸಾರಿಗೆ ಇವತ್ತು ಒಂದು ಹಿಡಿ ಮೆಣಸು ಜಾಸ್ತಿ ಬಿತ್ತು. ಬಾಣಂತಿಗೆ ಒಳ್ಳೇದಂತೆ.