ಬೆನ್ನು ಹಾಕಿ ನಡೆದ ಮೋತಿ

ಮೋತಿ ಮೊದಲ ಸಲ ತಾನಾಗಿಯೇ ನಾಲ್ಕು ಹೆಜ್ಜೆ ಇಟ್ಟಿತು. ನನ್ನತ್ತ ಅಲ್ಲ, ಪಕ್ಕದ ಮನೆಯ ಸುಶೀಲಾ ಅವರತ್ತ!

ಹಿಮಾಯತ್‌ನಗರದ ನಮ್ಮ ಗಲ್ಲಿಯಲ್ಲಿ ಸ್ಕೂಟರ್ ಬಡಿದು ಈ ನಾಯಿಯ ಬೆನ್ನುಮೂಳೆಗೆ ಪೆಟ್ಟಾಗಿತ್ತು. ಡಾಕ್ಟರು ಹೇಳಿದಂತೆ, ನನ್ನ ಹಳೆಯ ಇಳಕಲ್ ಸೀರೆಯನ್ನು ಅದರ ಹೊಟ್ಟೆಯಡಿ ಹಾಯಿಸಿ, ಹಿಂಭಾಗ ಎತ್ತಿ ಹಿಡಿದು ದಿನವೂ ನಡೆಸಿದವಳು ನಾನು. ಸುಶೀಲಾ ಹಾಕಿದ್ದು ಬಿಸ್ಕತ್ತು ಮಾತ್ರ.

“ನೋಡ್ರಿ ಅಕ್ಕಾರ, ಹೆಂಗ ನನ್ನ ಕಡೀನ ಬಂತು!” ಎಂದು ಅವರು ನಕ್ಕರು.

“ನಿಮ್ಮ ಕಡೀಗಲ್ರಿ, ಬಿಸ್ಕೀಟಿನ ಕಡೀಗೆ” ಎಂದೆ, ಯಾರೆದುರೂ ಬಾಯಿ ತೆರೆಯದ ನಾನು!

ಮೋತಿ ಹೆಚ್ಚು ನಡೆಯಲಿ ಎಂದು, ಮರುದಿನದಿಂದ ಇನ್ನಷ್ಟು ದೂರ ನಿಂತು ಕರೆಯಲು ಅವರನ್ನು ನಾನೇ ಕೇಳಿಕೊಂಡೆ. ಮೊಮ್ಮಕ್ಕಳೇ, ಅದು ನನಗೆ ಬೆನ್ನು ಹಾಕಿ ಹೋಗುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ಹಿಂದಿನಿಂದ ನೋಡಿದರೆ ತಾನೇ, ಅದರ ಹಿಂಗಾಲುಗಳು ನೆಟ್ಟಗೆ ಬೀಳುತ್ತಿರುವುದು ಕಾಣುವುದು?