ಮಕೆರೆಟಾಳ ಕೊನೆಯ ಇಪ್ಪತ್ತೆರಡು ಮೀನು

ಕಡಲ ನಡುವಿನ ದ್ವೀಪದ ಸವುಸವು ಪೇಟೆಯ ಐಸ್ ಕಾರ್ಖಾನೆಯಲ್ಲಿ ಅಪಿಸಾಯಿಯ ಹುದ್ದೆಯ ಹೆಸರು ಉದ್ದವಾಗಿತ್ತು, ಕೆಲಸ ಮಾತ್ರ ಮಂಜುಗಡ್ಡೆ ತಳ್ಳುವುದು. ಇಪ್ಪತ್ತೇಳನೇ ವಯಸ್ಸಿಗೆ ಏನು ಸಾಧಿಸಿದೆ ಎಂದು ಯಾರಾದರೂ ಕೇಳಿದರೆ, "ದಿನಾ ಎರಡು ಟನ್ ನೀರನ್ನ ಈ ಗೋಡೆಯಿಂದ ಆ ಗೋಡೆಗೆ ಸಾಗಿಸ್ತೀನಿ, ಕರಗೋದ್ರೊಳಗೆ" ಅನ್ನುತ್ತಿದ್ದ. ಯಾವ ಮಾತನ್ನೂ ನೆಟ್ಟಗೆ ಆಡಿ ಅವನಿಗೆ ಅಭ್ಯಾಸವಿರಲಿಲ್ಲ. ಮನೆಯಲ್ಲಿ ಕಸುಬು ಅನ್ನುವಂಥದ್ದು ಗೊತ್ತಿದ್ದದ್ದು ಅವನ ಅವ್ವ ಮಕೆರೆಟಾಳಿಗೆ.

ಅವಳ ಕಸುಬು ಸಲಾಲ. ಬಂಗುಡೆ ಜಾತಿಯ ಈ ಮೀನು ಹಿಂಡುಗಟ್ಟಿ ಬಲೆಗೆ ಬಿದ್ದ ದಿನ ದಕ್ಕೆಯಲ್ಲಿ ಅದನ್ನು ಕೇಳುವವರಿಲ್ಲ. ಮಧ್ಯಾಹ್ನ ದಾಟಿದರೆ ಹೊಟ್ಟೆ ಮೆತ್ತಗಾಗುತ್ತದೆ. ಸಂಜೆಗೆ ಬೆಕ್ಕು ಕೂಡ ಮೂಸಿ ಯೋಚನೆ ಮಾಡುತ್ತದೆ. ಅಪಿಸಾಯಿ ಬಿಕರಿಯಾಗದೆ ಉಳಿದದ್ದನ್ನು ಅಗ್ಗಕ್ಕೆ ಹಿಡಿದು, ಕಾರ್ಖಾನೆಯ ಮಂಜಿನ ಚೂರಿನಲ್ಲಿ ಹೂತು ಮನೆಗೆ ತರುತ್ತಿದ್ದ.

ಮಕೆರೆಟಾ ಬೆನ್ನ ಕಡೆಯಿಂದ ಸೀಳಿ ಪುಸ್ತಕದ ಹಾಗೆ ಬಿಡಿಸುತ್ತಿದ್ದಳು. ಕಡಲ ನೀರಲ್ಲಿ ನೆನೆಹಾಕಿ, ಅದಕ್ಕೆ ಯಾವುದೋ ಸೊಪ್ಪನ್ನು ಮಗನಿಗೆ ಬೆನ್ನು ತಿರುಗಿಸಿ ಕಿವುಚಿ ಹಾಕುತ್ತಿದ್ದಳು. ಗಾಳಿಗೆ ಮೈ ಆರಿ ಅಂಟಂಟಾದ ಮೇಲೆ ಹಳೇ ಎಣ್ಣೆ ಡ್ರಮ್ಮಿನೊಳಗೆ ತೂಗುಹಾಕಿ, ತೆಂಗಿನ ಸಿಪ್ಪೆ, ಸೀಬೆ ಕೊಂಬೆ ಒಟ್ಟಿ ಹೊಗೆ ಹಿಡಿಯುತ್ತಿದ್ದಳು. ಬೆಂಕಿ ಉರಿಯಬಾರದು, ಮುನಿಸಿಕೊಂಡಿರಬೇಕು. ಬೆಳಿಗ್ಗೆ ಡ್ರಮ್ಮಿನ ಮುಚ್ಚಳ ತೆಗೆದರೆ ನಿನ್ನೆ ಯಾರಿಗೂ ಬೇಡವಾಗಿದ್ದ ಮೀನು ಜೇನಿನ ಬಣ್ಣಕ್ಕೆ ತಿರುಗಿರುತ್ತಿತ್ತು. ಬೆಂದ ಮರಗೆಣಸಿನ ಜೊತೆ ಬಾಳೆಲೆಯಲ್ಲಿ ಸುತ್ತಿ ಬಸ್ ನಿಲ್ದಾಣಕ್ಕೆ ಒಯ್ದರೆ, ಮೊದಲ ಬಸ್ಸಿನ ಡ್ರೈವರು ಆ ಪೊಟ್ಟಣ ಬಿಚ್ಚದೆ ಗಾಡಿ ಎತ್ತುತ್ತಿರಲಿಲ್ಲ. ಕಡಲಿಗೆ ಹೋದ ಗಂಡ ತಿರುಗಿ ಬರಲಿಲ್ಲ. ಆಮೇಲಿನ ಹತ್ತೊಂಬತ್ತು ವರ್ಷ ಆ ಮನೆಯನ್ನು ನಡೆಸಿದ್ದು ಈ ಹೊಗೆ.

"ಅವ್ವಾ, ಆ ಸೊಪ್ಪು ಯಾವುದು ಅಂತಾದ್ರೂ ಹೇಳೇ."

"ಸಂಬಳದೋನು ನೀನು, ನಿನಗ್ಯಾಕೋ ಹೊಗೆ? ಹೆಂಡ್ತಿ ಕರ್ಕೊಂಡು ಬಾ, ಅವಳಿಗೆ ಹೇಳ್ತೀನಿ."

"ಮೀನು ನಾರೋನಿಗೆ ಯಾರೇ ಹೆಣ್ಣು ಕೊಡ್ತಾರೆ?"

"ಮೀನು ನಾರಿದ್ರೆ ಎಷ್ಟೋ ವಾಸಿಯಿತ್ತು. ನೀನು ನಾರೋದು ಐಸು. ಅದಕ್ಕೆ ವಾಸ್ನೇನೇ ಇಲ್ವಲ್ಲೋ!"

ಅವನು ನಗುತ್ತಿದ್ದ. ಇನ್ನೊಂದು ಸಲ ಒತ್ತಿ ಕೇಳುತ್ತಿರಲಿಲ್ಲ. ಅವ್ವ ಎಲ್ಲಿಗೆ ಹೋಗುತ್ತಾಳೆ?

ಒಂದು ಸೋಮವಾರ ಮೀನು ಡ್ರಮ್ಮಿನೊಳಗಿದ್ದಾಗಲೇ ಮಕೆರೆಟಾ ಗೋಡೆಗೆ ಒರಗಿ ಕೂತಳು, ತೊಡೆಯ ಮೇಲೆ ತೆಂಗಿನ ಸಿಪ್ಪೆ. ಪಕ್ಕದ ಮನೆಯವಳು ಹೋಗಿ ಅಲುಗಾಡಿಸುವ ಹೊತ್ತಿಗೆ ಜೀವ ಹೋಗಿತ್ತು. ಹೊಗೆ ಮಾತ್ರ ತನ್ನ ಪಾಡಿಗೆ ಹದವಾಗಿ ಆಡುತ್ತಲೇ ಇತ್ತು. ಮಾರನೆಯ ದಿನ ಅಪಿಸಾಯಿ ಮುಚ್ಚಳ ತೆಗೆದು ನೋಡಿದ. ಇಪ್ಪತ್ತೆರಡು ಮೀನು, ಒಂದೂ ಸೀದಿರಲಿಲ್ಲ. ಮುಚ್ಚಳ ಮುಚ್ಚಿ ಮೇಲೊಂದು ಕಲ್ಲು ಹೇರಿದ. ಮಣ್ಣು ಮುಗಿದ ಮೇಲೆ ದಿನಕ್ಕೊಂದು ತಿನ್ನಬೇಕು, ಹಿತ್ತಿಲಿನ ಒಂದೊಂದೇ ಎಲೆ ಕಿವುಚಿ ಮೂಸಬೇಕು, ಸೊಪ್ಪಿನ ಗುರುತು ನಾಲಗೆಗೆ ಸಿಗುವ ತನಕ. ಅವ್ವನ ಕೈ ಇನ್ನು ಉಳಿದದ್ದು ಆ ಡ್ರಮ್ಮಿನೊಳಗೆ ಮಾತ್ರ.

ಮಣ್ಣಿಗಿಡುವ ದಿನ ಆಚೆ ದ್ವೀಪದಿಂದ ತೌವುಗಳು ದೋಣಿಯಲ್ಲಿ ಬಂದರು. ಒಂದೇ ಮೂಲದೈವದ ಸಂತಾನವೆಂದು ನಂಬಿದ ಎರಡು ಊರಿನವರು ಒಬ್ಬರಿಗೊಬ್ಬರು ತೌವು. ತೌವು ಬಾಯಿಗೆ ಬಂದ ಹಾಗೆ ಬೈಯಬಹುದು, ಕಣ್ಣೆದುರೇ ಹಂದಿ ಹೊತ್ತೊಯ್ಯಬಹುದು, ಸಿಟ್ಟು ಮಾಡಿದವನು ಸೋತ. ಸಾವಿನ ಮನೆಯಲ್ಲಿ ನಗಿಸುವುದು ಅವರದೇ ಕೆಲಸ. ಸಂಕಟದಿಂದ "ಇದನ್ನ ಮುಟ್ಟಬೇಡಿ" ಎಂದವನ ವಸ್ತುವನ್ನು ಮುಟ್ಟುವುದಿಲ್ಲ. ಆದರೆ ಚೇಷ್ಟೆಯ ಮಾತಲ್ಲಿ ಕೊಡೆನೆಂದರೆ ಅದು ಬಾಚಿಕೊಳ್ಳಿ ಎಂದು ಕರೆದ ಹಾಗೆಯೇ.

ಅವರಲ್ಲಿ ಹಿರಿಯ ಇಲೈತಿಯಾ. ದಪ್ಪ ಮನುಷ್ಯ. ಶವಪೆಟ್ಟಿಗೆಗೆ ಅಡ್ಡ ನಿಂತು ಕೂಗಿದ, "ಮಕೆರೆಟಾ, ಏಳೇ! ನಂಗೆ ಬಡಿಸ್ದೆ ಎಲ್ಲಿಗೆ ಹೊರಟೆ, ಜಿಪುಣಿ?" ಅಳುತ್ತಿದ್ದ ಹೆಂಗಸರು ಅಳುತ್ತಲೇ ನಕ್ಕರು. ಅಪಿಸಾಯಿಯೂ ನಕ್ಕ, ಎದೆ ಒಂದಿಷ್ಟು ಹಗುರಾಯಿತು.

ಮಣ್ಣು ಮುಗಿಸಿ ಬಂದು ಚಾಪೆಯ ಮೇಲೆ ಯಂಗೋನ ಬೇರಿನ ಮಂಪರು ಪಾನಕ ಕುಡಿಯುತ್ತ ಕೂತಿದ್ದಾಗ ಇಲೈತಿಯಾ ಎದ್ದು ಹಿತ್ತಿಲಿಗೆ ಹೋದ. ಡ್ರಮ್ಮಿನ ಮುಂದೆ ನಿಂತು ಮೂಗರಳಿಸಿ ಕೂಗಿದ.

"ಏನೋ ಐಸ್ ಕಡ್ಡಿ, ಇದರೊಳಗೇನಿದೆ?"

ಹೇಳಬಹುದಿತ್ತು. ಎರಡೇ ಮಾತು ಸಾಕಿತ್ತು. ಆದರೆ ಅಷ್ಟು ಜನ ಮುಖ ನೋಡುತ್ತಿದ್ದರು, ಆ ಎರಡು ಮಾತು ಆಡಿದರೆ ಅವರೆದುರು ಕುಸಿದು ಬೀಳುತ್ತೇನೆ ಅನ್ನಿಸಿತು. ಇಂಥ ಹೊತ್ತಲ್ಲಿ ಅವನ ನಾಲಗೆ ಯಾವಾಗಲೂ ಹಿಡಿಯುವ ದಾರಿಯನ್ನೇ ಹಿಡಿಯಿತು.

"ನಿಮಗಲ್ಲ ಮಾವ. ಅದು ನಮ್ಮನೆ ನಾಯಿ ಪಾಲು. ನಾಯಿಗಾದ್ರೂ ಒಂಚೂರು ಮರ್ಯಾದೆ ಇದೆ."

ಅಂಗಳವೆಲ್ಲ ಗೊಳ್ಳೆಂದಿತು. ಆ ನಗು ಅವನಿಗೆ ಹಿತವಾಗಿಯೂ ಇತ್ತು, ಒಂದು ಗಳಿಗೆ. ಅಷ್ಟರಲ್ಲಿ ಕಲ್ಲು ಉರುಳಿದ ಸದ್ದು. "ಹಾಗಾದ್ರೆ ಬೌ ಬೌ!" ಎನ್ನುತ್ತ ಇಲೈತಿಯಾ ಎರಡೂ ಕೈಯಲ್ಲಿ ಮೀನು ಬಾಚಿ ಬಂದ. ಅವನ ಹಿಂದೆ ಉಳಿದ ತೌವುಗಳೂ ಬೊಗಳುತ್ತ ಡ್ರಮ್ಮಿಗೆ ನುಗ್ಗಿದರು. ಬಾಳೆಲೆ ಹಾಸಿದರು, ಹರಿದು ಹಂಚಿದರು. ಪಾದ್ರಿಗೂ ಒಂದು ತುಂಡು ಹೋಯಿತು.

"ಇಂಥಾ ರುಚಿ ಎಲ್ಲೂ ಇಲ್ಲ ಕಣ್ರೋ!"

"ಇದಕ್ಕೇನೋ ಹಾಕಿದಾಳೆ, ಏನದು?"

ಯಾರೋ ಅಪಿಸಾಯಿಯ ಕೈಗೂ ಒಂದು ತುಂಡಿಟ್ಟರು. ಅವನು ಕಣ್ಣು ಮುಚ್ಚಿ, ನಿಧಾನವಾಗಿ ಅಗಿದು ಹುಡುಕಿದ. ಮೂರು ದಿನ ಅತ್ತು ಅತ್ತು ಮೂಗು ಕಟ್ಟಿತ್ತು. ಉಪ್ಪು ಸಿಕ್ಕಿತು, ಅಷ್ಟೇ. ಸೊಪ್ಪಿಲ್ಲ, ಹೊಗೆಯೂ ಇಲ್ಲ.

"ಯಾಕೋ ಕಣ್ಣಲ್ಲಿ ನೀರು? ಮುಳ್ಳು ಸಿಕ್ಕಿತೇನೋ?" ಇಲೈತಿಯಾ ಬೆನ್ನಿಗೊಂದು ಗುದ್ದಿದ.

"ಅವ್ವ ಸತ್ತಾಗ ಡ್ರಮ್ಮಲ್ಲಿದ್ದದ್ದು ಅದೇ ಮೀನು ಮಾವ," ಅಪಿಸಾಯಿ ಅಂದ. "ಇನ್ನಿಲ್ಲ."

ಇಲೈತಿಯಾನ ದವಡೆ ನಿಂತಿತು. ಬಾಯಲ್ಲಿದ್ದದ್ದನ್ನು ನುಂಗಲಾರ, ಉಗುಳಲಾರ.

"ಮೊದ್ಲೇ ಹೇಳಬಾರ್ದಿತ್ತೇನೋ ಮಗನೇ? ಅವಳಾಣೆ ಮುಟ್ತಿರಲಿಲ್ಲ. ನೀನು ನಗಿಸಿದೆ, ನಾವು ನಂಬಿದ್ವಿ."

ಇಲೈತಿಯಾ ಅವನ ತಲೆಯನ್ನು ಎದೆಗೊತ್ತಿಕೊಂಡು ಮಗುವಿನಂತೆ ಅಳತೊಡಗಿದ. ಉಳಿದವರು, ತೌವು ಇನ್ನೇನೋ ಹೊಸ ಆಟ ಹೂಡಿದ್ದಾನೆಂದು ತಿಳಿದು ಜೋರಾಗಿ ನಕ್ಕರು. ಹೆಂಗಸರು ಎಲೆ ಮಡಚಿ, ಮುಳ್ಳುಗಳನ್ನು ಹಂದಿಗಳಿಗೆ ಸುರಿದರು.