ಬೀಗರ ಪಾಲಿನ ಸಾಲು

ವ್ಯಾಪಾರದಲ್ಲಿ ಬೆಲೆ ಹೇಳಿದವನು ಆಮೇಲೆ ಬಾಯಿ ಬಿಡಬಾರದು; ಸುಮ್ಮನಿದ್ದರೆ ಎದುರಿಗಿರುವವನೇ ತಡೆಯಲಾರದೆ ಮಾತಾಡುತ್ತಾನೆ. ಬರಿಗೈಯಲ್ಲಿ ಬಂದು ವಿಜಯನಗರದ ಮಾರುಕಟ್ಟೆ ಬೀದಿಯಲ್ಲಿ ಪಾತ್ರೆ ಅಂಗಡಿ ಇಟ್ಟ ನಾನು ಈ ಮೌನವನ್ನೇ ಬಂಡವಾಳ ಮಾಡಿಕೊಂಡವನು. ನೀವೂ ಪ್ರಯೋಗಿಸಿ ನೋಡಿ, ಖರ್ಚಿಲ್ಲದ ವಿದ್ಯೆ.

ನಮ್ಮ ಮನೆಮಾತು ಸಂಕೇತಿ. ಅಂಗಡಿಯಲ್ಲಿ ಕುಳಿತಂದಿನಿಂದ ನನ್ನ ನಾಲಗೆ ಕನ್ನಡಕ್ಕೆ ತಿರುಗಿತು; ಮಕ್ಕಳಿಗೆ ಸಂಕೇತಿ ಅರ್ಥವೂ ಆಗದು. ಆ ಭಾಷೆಯ ಮದುವೆ ಹಾಡುಗಳನ್ನು ಬಲ್ಲವರೆಂದು ನಮ್ಮ ಕುಟುಂಬದಲ್ಲಿ ಉಳಿದಿದ್ದವರು ಅತ್ತಿಗುಪ್ಪೆಯ ಸೋದರತ್ತೆಯೊಬ್ಬರೇ. ಕಲಿಯುವವರಿಲ್ಲದಿದ್ದರೇನಂತೆ, ದಾಸ್ತಾನು ಮಾಡಿದರಾಯಿತೆಂದು ಲೆಕ್ಕ ಹಾಕಿ, ಚೌಕಾಸಿಯಲ್ಲಿ ಗೆದ್ದ ಟೇಪ್‌ರೆಕಾರ್ಡರನ್ನು ಅವರೆದುರು ಪ್ರತಿಷ್ಠಾಪಿಸಿದೆ.

ಬೀಗರನ್ನು ಹಂಗಿಸುವ ಹಾಡಿಗೆ ಬಂದಾಗ ಅತ್ತೆ ಸಾಲುಸಾಲಿಗೂ ನಿಲ್ಲತೊಡಗಿದರು.

"ನಿಲ್ಲಿಸಬೇಡಿ ಅತ್ತೆ, ಕ್ಯಾಸೆಟ್ ಸುಮ್ನೆ ಓಡ್ತಿದೆ."

"ಓಡ್ಲಿ ಬಿಡೋ. ಬೀಗಿತ್ತಿಯರು ತಿರುಗಿಸಿ ಹಂಗಿಸಬೇಡ್ವೇ?"

"ಅವರದನ್ನೂ ನೀವೇ ಹಾಡ್ಬಿಡಿ."

"ನನ್ನನ್ನ ನಾನೇ ಬೈಕೊಳ್ಳಲೇನೋ? ಅವರ ಸಾಲು ಅವರ ಮನೇಲಿರುತ್ತೆ ಕಣೋ!"

ಮರುವರ್ಷ ಅತ್ತೆ ತೀರಿಕೊಂಡರು. ಅದಾದ ಮೇಲೆ ನನ್ನ ಮಗಳ ಮದುವೆ. ಬೀಗರೂ ಸಂಕೇತಿಗಳೇ, ರಾಜಾಜಿನಗರದವರು. ಊಟದ ಪಂಕ್ತಿಯಲ್ಲಿ ಹೆಮ್ಮೆಯಿಂದ ಕ್ಯಾಸೆಟ್ ಹಾಕಿಸಿದೆ. ಹುಡುಗನ ತಾಯಿ ಲಾಡನ್ನು ಸೆರಗಿಗೆ ಕಟ್ಟಿಕೊಳ್ಳುವವಳೆಂದು ಅತ್ತೆಯ ಕಂಠ ಧ್ವನಿವರ್ಧಕದಲ್ಲಿ ಹಂಗಿಸಿ, ಉತ್ತರಕ್ಕಾಗಿ ನಿಂತಿತು. ಬೀಗಿತ್ತಿಯರು ಮುಖಮುಖ ನೋಡಿಕೊಂಡರು. ಸುಯ್ಯೆನ್ನುವ ಸದ್ದೊಂದೇ ಛತ್ರ ತುಂಬಿತು. ಮೈಕ್‌ಸೆಟ್ಟಿನವನು ಓಡಿಬಂದ.

"ಸಾರ್, ಟೇಪ್ ಸಿಕ್ಕಾಕೊಂಡಂಗೈತೆ. ಸಿನ್ಮಾ ಹಾಡು ಹಾಕ್ಲಾ?"

"ಸುಮ್ನಿರಯ್ಯ!"

ಮತ್ತೊಂದು ಮೂದಲಿಕೆ, ಮತ್ತೆ ಮೌನ. ಆಗ ಹುಡುಗನ ಅಜ್ಜಿ ಎಲೆಯಿಂದ ಕೈ ಎತ್ತಿ ಬಾಯಿ ತೆರೆದರು. "ನಮ್ಮಮ್ಮ ಇದಕ್ಕೆ ಚೆನ್ನಾಗಿ ಹೇಳ್ತಿದ್ರು... ಏನದು..." ಎಂದು ಕನ್ನಡದಲ್ಲೇ ತಡಕಾಡುತ್ತಿರುವಾಗ, ಕಾಯುವುದು ಕ್ಯಾಸೆಟ್ಟಿಗೆ ಗೊತ್ತೇ, ಅತ್ತೆಯ ಮುಂದಿನ ಸಾಲು ನುಗ್ಗಿಬಂತು. ಅಜ್ಜಿ ಬಾಯಿ ಮುಚ್ಚಿಕೊಂಡು ಅನ್ನ ಕಲಸಿದರು. ಯಾರಿಗೂ ಸಿಟ್ಟು ಬರಲಿಲ್ಲ, ಅರ್ಥವಾಗಿದ್ದರೆ ತಾನೇ! ಬೀಗರು ಜಗಳಕ್ಕೆ ನಿಂತಿದ್ದರೆ ನಾನು ಧನ್ಯನಾಗುತ್ತಿದ್ದೆ.

ಹಾಡನ್ನು ಉಳಿಸಿದೆನೆಂದು ಬೀಗಿದವನ ಬಳಿ ಇದ್ದದ್ದು ಅರ್ಧ. ಉಳಿದರ್ಧ ಯಾವ ಅಂಗಡಿಯಲ್ಲೂ ಸಿಗದು. ನಿಮ್ಮ ಮನೆಯಲ್ಲಿ ಅಂಥ ಅಜ್ಜಿಯಿದ್ದರೆ ಟೇಪ್ ಕೊಳ್ಳಬೇಡಿ, ಎದುರು ಕೂತು ತಿರುಗಿ ಬೈಯುವುದನ್ನು ಕಲಿಯಿರಿ ಎನ್ನಬಹುದಿತ್ತು. ಈ ಸಲಹೆಗೂ ಹೊತ್ತು ಮೀರಿದೆಯೇನೋ.

ಈಗಲೂ ಗಿರಾಕಿಗೆ ಬೆಲೆ ಹೇಳಿ ಸುಮ್ಮನಾಗುತ್ತೇನೆ. ಆದರೆ ಆ ಮೌನದಲ್ಲಿ ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದು ಕೇಳಿಸತೊಡಗುತ್ತದೆ. ತಡೆಯಲಾರದೆ ನಾನೇ ಬೆಲೆ ಇಳಿಸಿಬಿಡುತ್ತೇನೆ.